ನಲವತ್ತನೇ ದಿನದ ಗೋಧಿ

"ಏನೇ ದರಿದ್ರ ಮುಂಡೇದೆ, ಮೋರೆ ಎತ್ತು. ಇಲ್ಲೇನು ಹೆಣ ಬಿದ್ದಿದೆಯಾ?"

ಬಿದ್ದಿತ್ತು. ರುಮ್ಯಾನಾಳಿಗೆ ಹಾಗೆ ಬೈದ ಮೇಸ್ತ್ರಿ ಗಾಂಚೆವ್ ಈಗ ನಿಂತಿದ್ದನಲ್ಲ, ಹೊಲಿಗೆ ಕಾರ್ಖಾನೆಯ ಅದೇ ಜಾಗದಲ್ಲಿ, ಜುಲೈ ತಿಂಗಳ ಕಾವಿನಲ್ಲಿ. ರುಮ್ಯಾನಾಳ ತಂಗಿ ಪೆನ್ಕಾ ಕೋಟುಗಳಿಗೆ ಇಸ್ತ್ರಿ ಹಾಕುತ್ತ ನೀರು ಕುಡಿದು ಬರುತ್ತೇನೆ ಎಂದು ಎರಡು ಸಲ ಕೇಳಿದ್ದಳು. ಮೂರನೇ ಸಲ ಕೇಳಲಿಲ್ಲ. ಆಂಬುಲೆನ್ಸು ಗೇಟು ದಾಟಿದ ಮೇಲೆ ಸತ್ತಳೆಂದು ಕಾರ್ಖಾನೆಯವರು ಬರೆಸಿದರು. ಗೇಟಿನಾಚೆ ಸತ್ತವರು ಕಾರ್ಖಾನೆಯ ಹೊಣೆಯಲ್ಲ, ಸರ್ಕಾರಿ ರಸ್ತೆಯ ಪಾಲು.

ಬಲ್ಗೇರಿಯದ ಆ ಊರಲ್ಲಿ ಯಾರಾದರೂ ಸತ್ತರೆ ಫೋಟೋ ಹಾಕಿದ ಸಾವಿನ ಚೀಟಿಯನ್ನು ಮನೆ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ದುಡಿದ ಜಾಗಕ್ಕೆ ಅಂಟಿಸುತ್ತಾರೆ. ರುಮ್ಯಾನಾ ಗೇಟಿಗೆ ಅಂಟಿಸಿದ್ದಳು. ನಾಳೆ ಮಂತ್ರಿ ಬರುತ್ತಾರೆ, ಟಿ.ವಿ.ಯವರು ಬರುತ್ತಾರೆ, ಕಾರ್ಖಾನೆಗೆ 'ನಗುವ ಕೆಲಸಗಾರರು' ಎಂಬ ಬಹುಮಾನ ಬೇರೆ. ಗಾಂಚೆವ್ ಆ ಚೀಟಿಯನ್ನು ಅವಳ ಉಗುರಿನಿಂದಲೇ ಕೆರೆಸಿದ. ಫೋಟೋದಲ್ಲಿ ಹಣೆಯ ಭಾಗ ಮಾತ್ರ ಹಟ ಹಿಡಿದು ಕೊನೆಗೆ ಬಂತು.

ತಂಗಿ ಹೋದಂದಿನಿಂದ ರುಮ್ಯಾನಾಗೆ ಬೆಳಿಗ್ಗೆ ಕಾಲು ನೆಲಕ್ಕಿಡುವುದೇ ದೊಡ್ಡ ಕೆಲಸವಾಗಿತ್ತು. ಊಟ ಮಣ್ಣು ತಿಂದ ಹಾಗೆ. ಕಾರ್ಖಾನೆಯ ಡಾಕ್ಟರು ಇದು ಖಿನ್ನತೆ, ಒಳ್ಳೆಯದನ್ನೇ ಯೋಚಿಸಿ, ದಿನಾ ಸ್ವಲ್ಪ ಕಾಲಾಡಿಸಿ ಎಂದು ಚೀಟಿ ಕೊಟ್ಟಿದ್ದರು. ಹತ್ತು ಗಂಟೆ ನಿಂತೇ ದುಡಿಯುವವಳಿಗೆ ಕಾಲಾಡಿಸುವ ಔಷಧ! ಅವಳಿಗೆ ಎಷ್ಟೋ ದಿನಗಳ ಮೇಲೆ ನಗು ಬಂದದ್ದು ಆಗಲೇ.

ಮಂತ್ರಿ ಬರುವ ದಿನವೇ ಪೆನ್ಕಾ ಸತ್ತು ನಲವತ್ತನೇ ದಿನ, ಅವಳ ಹೆಸರಲ್ಲಿ ಗೋಧಿ ಹಂಚುವ ದಿನ. ರುಮ್ಯಾನಾ ಗೋಧಿ ಬೇಯಿಸಿದಳು, ವಾಲ್‌ನಟ್ ಬೆರೆಸಿದಳು, ಮೇಲೆ ಬೆಳ್ಳಗೆ ಸಕ್ಕರೆ ಪುಡಿ ಹರಡಿದಳು. ಸತ್ತವರ ಹೆಸರಿನ ಗೋಧಿಯನ್ನು ಯಾರೂ ಬೇಡ ಅನ್ನುವಂತಿಲ್ಲ. ತಿಂದವರು 'ದೇವರು ಕ್ಷಮಿಸಲಿ' ಎನ್ನಲೇಬೇಕು.

ಹೊರದೇಶದ ಮಾಲೀಕನಿಗೆ ಇದೆಲ್ಲ ಎಲ್ಲಿ ಗೊತ್ತು? ತಲೆ ಬಾಚಿ, ತಟ್ಟೆ ಹಿಡಿದು ಬಂದ ಹೆಂಗಸನ್ನು ಕಂಡು, ಅತಿಥಿ ಸತ್ಕಾರವೆಂದುಕೊಂಡು ತಾನೇ ಮುಂದೆ ಕರೆದ. ಒಂದು ಚಮಚ ತಿಂದು, ಕ್ಯಾಮೆರಾದ ಕಡೆ ತಿರುಗಿ, ಬಹಳ ಸಿಹಿ ಎಂದ. ಮಂತ್ರಿ ಈ ನೆಲದವನು. ಗೋಧಿ ನಾಲಿಗೆಗೆ ತಾಗಿದ್ದೇ ತಡ, ಕೈ ತಾನಾಗಿ ಎದೆಯ ಮೇಲೆ ಶಿಲುಬೆ ಬರೆಯಿತು. "ದೇವರು ಕ್ಷಮಿಸಲಿ" ಎಂದುಬಿಟ್ಟ. ಆಮೇಲೆ ಕೇಳದೆ ವಿಧಿಯಿರಲಿಲ್ಲ.

"ಯಾರ ಹೆಸರಿನದಮ್ಮ ಇದು?"

"ಮೇಸ್ತ್ರಿಗಳಿಗೆ ಗೊತ್ತು ಸ್ವಾಮಿ."

ತಟ್ಟೆ ಗಾಂಚೆವ್‌ನ ಎದೆಗೆ ತಾಗುವಷ್ಟು ಹತ್ತಿರ ಬಂತು. ಅವನ ಕಣ್ಣಲ್ಲಿ ಬೈಗುಳವೆಲ್ಲ ಸಾಲುಗಟ್ಟಿ ನಿಂತಿತ್ತು. ಕ್ಯಾಮೆರಾ ತಿರುಗಿತು. ಅವನು ಒಂದು ಚಮಚ ಬಾಯಿಗೆ ಹಾಕಿಕೊಂಡ.

"ಪೆನ್ಕಾ... ದೇವರು ಕ್ಷಮಿಸಲಿ."

"ಅವಳನ್ನ ಕ್ಷಮಿಸ್ತಾನೆ ಬಿಡಿ, ಅವಳೇನು ಮಾಡಿದ್ಲು," ಎಂದಳು ರುಮ್ಯಾನಾ. "ಎಲ್ಲಿ ಸತ್ಲು ಅಂತ ಹೇಳಿ. ಗೇಟಿನ ಆಚೇನೋ, ಈಚೇನೋ?"

ಇಸ್ತ್ರಿಗಳ ಹಬೆ ಒಂದೊಂದಾಗಿ ನಿಂತಿತು. ಹೆಂಗಸರು ತಮ್ಮ ತಮ್ಮ ಜಾಗ ಬಿಟ್ಟು, ಗೋಧಿಗೆ ಕೈಯೊಡ್ಡಿ, ಅವಳ ಹಿಂದೆ ಸಾಲು ನಿಂತರು. ಗಾಂಚೆವ್‌ನ ಮೀಸೆಯ ಮೇಲೆ ಸಕ್ಕರೆ ಪುಡಿ ಕೂತಿತ್ತು. ಬಾಯಲ್ಲಿದ್ದುದನ್ನು ಅವನು ನುಂಗಲೂ ಇಲ್ಲ, ಉಗಿಯಲೂ ಇಲ್ಲ.