ವಾಲದೆ ತಿರುಗುವುದು

ಫೆನ್ನಾ ಬೀದಿ ಕಡೆಯ ಕಿಟಕಿಯನ್ನು ಅರ್ಧ ತೊಳೆದು ಮುಗಿಸಿದ್ದಳು. ಮೇಲಿನ ಗಾಜು ಎಟುಕದೆ ಅಡುಗೆಮನೆಯ ಸ್ಟೂಲನ್ನು ಹೊರಗೆ ತಂದು ಹತ್ತಿದ್ದಳು. ಆ ಬೀದಿಯಲ್ಲಿ ಶನಿವಾರ ಬೆಳಿಗ್ಗೆ ಕಿಟಕಿ ತೊಳೆಯದ ಮನೆಯೆಂದರೆ ಒಳಗೆ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಜನ ತಿಳಿಯುವರು. ಬಟ್ಟೆ ಅದ್ದಲು ಬಕೆಟ್ಟಿನತ್ತ ತಲೆ ಬಗ್ಗಿಸಿದಳು, ಅಷ್ಟೆ. ಬಕೆಟ್ಟು, ಹೂಗಿಡ, ಎದುರುಮನೆಯ ಇಟ್ಟಿಗೆ ಗೋಡೆ ಎಲ್ಲ ಒಟ್ಟಿಗೇ ಎಡಕ್ಕೆ ಸರಿದವು. ಕಿಟಕಿಯ ಚೌಕಟ್ಟನ್ನು ತಬ್ಬಿಕೊಂಡು ನಿಂತಳು.

"ಇಳಿ ಕೆಳಗೆ! ಎಪ್ಪತ್ತು ದಾಟಿದ್ಮೇಲೆ ಮರ ಹತ್ತೋ ಆಸೆ ಬಂತಾ ದೀದಿ ನಿಂಗೆ?"

ಪಕ್ಕದ ಮನೆಯ ರಾಜ್ವಂತಿ. ಒಂದು ಕೈಯಲ್ಲಿ ಮುಚ್ಚಿದ ಡಬ್ಬಿ, ಇನ್ನೊಂದು ಕೈ ಆಗಲೇ ಫೆನ್ನಾಳ ಸೊಂಟದ ಮೇಲೆ. ಹುಡುಗಿಯಾಗಿದ್ದಾಗ ದಕ್ಷಿಣ ಅಮೆರಿಕದ ಸುರಿನಾಮಿನಿಂದ ಬಂದ ಭಾರತೀಯ ಮೂಲದವಳು. ನೆದರ್‌ಲೆಂಡ್ಸಿನ ಈ ಗ್ರೋನಿಂಗನ್ ಸೀಮೆಯ ಗಾಳಿಗೆ ಒಗ್ಗಿದ್ದಳು, ಆಲೂಗಡ್ಡೆಗೆ ಒಗ್ಗಿದ್ದಳು, ಸೈಕಲ್ಲಿಗೆ ಮಾತ್ರ ಒಗ್ಗಿರಲಿಲ್ಲ. ಊರಿಗೆ ಊರೇ ಕಲಿಸಲು ಹೋಗಿ ಸೋತಿತ್ತು.

"ಕಿರುಚಬೇಡ್ವೇ, ನೀನು ಕಿರುಚಿದ್ದಕ್ಕೇ ಬೀಳ್ತಿದ್ದೆ" ಎನ್ನುತ್ತ ಫೆನ್ನಾ ಇಳಿದಳು.

"ಹೌದೌದು. ಹೋದ ವರ್ಷ ಕಾಲುವೆ ದಂಡೆ ಮೇಲೆ ಬಿದ್ಯಲ್ಲ, ಅವತ್ತೂ ನಾನೇ ಕಿರುಚಿದ್ದಾ?"

ಫೆನ್ನಾ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಎಡಗಿವಿಯ ಒಳಗಿನ ನರ ಸೊರಗಿದೆ, ದೇಹದ ತೂಕ ಸರಿದೂಗಿಸುವ ಶಕ್ತಿ ಅಲ್ಲಿಯೇ ಇರುವುದು, ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಸೈಕಲ್ಲಿನಿಂದ ಒಮ್ಮೆ ಮಾರುಕಟ್ಟೆಯ ಕಲ್ಲುಹಾಸಿನ ಮೇಲೆ, ಇನ್ನೊಮ್ಮೆ ಕಾಲುವೆಯ ಅಂಚಿನಲ್ಲಿ ಬಿದ್ದಿದ್ದಳು. ಎರಡನೆಯ ಸಲ ಎದ್ದವಳು ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ಬಂದು ಹಿತ್ತಲ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿಸಿಟ್ಟಳು. ಮತ್ತೆ ಹೊರಗೆ ತೆಗೆದಿರಲಿಲ್ಲ.

ನಡೆಯಲು ಕಲಿತ ಸ್ವಲ್ಪ ದಿನಕ್ಕೇ ಸೈಕಲ್ ಹತ್ತಿದ ಮೈ ಅದು. ಪಕ್ಕದೂರಿನ ಬೇಕರಿಯಲ್ಲಿ ಕೆಲಸಕ್ಕಿದ್ದಷ್ಟು ವರ್ಷವೂ ಮಳೆಯಿರಲಿ, ಮಂಜಿರಲಿ, ಹೋಗಿ ಬಂದದ್ದು ಸೈಕಲ್ಲಿನಲ್ಲೇ. ಗುರುವಾರದ ಈಜು, ಸಂತೆ, ಕಾಲುವೆಯಾಚೆ ಇರುವ ತಂಗಿಯ ಮನೆಯ ಕಾಫಿ, ಎಲ್ಲದಕ್ಕೂ ಅದೇ. ಅದನ್ನು ವ್ಯಾಯಾಮ ಎಂದು ಅವಳು ಒಂದು ದಿನವೂ ಅಂದುಕೊಂಡವಳಲ್ಲ. ಉಸಿರಾಡುವುದನ್ನು ಯಾರಾದರೂ ವ್ಯಾಯಾಮ ಎನ್ನುತ್ತಾರೆಯೇ? ನಿಂತ ಮೇಲೆ ತಿಳಿಯಿತು. ಮಂಡಿ ಬಿಗಿಯಿತು. ರಾತ್ರಿ ನಿದ್ದೆ ತುಂಡು ತುಂಡಾಯಿತು. ಎಂದೂ ಇಲ್ಲದ ಸಕ್ಕರೆ ಕಾಯಿಲೆ ಚಳಿಗಾಲದಲ್ಲಿ ಬಂದು ಕೂತಿತು. ಬಸ್ಸಿಗೆ ಕಾದು ನಿಲ್ಲುವ ಬೇಸರಕ್ಕೆ ತಂಗಿಯ ಮನೆಗೂ ಹೋಗುವುದು ಕಡಿಮೆಯಾಯಿತು.

"ಮಾತ್ರೆ ಜಾಸ್ತಿ ಮಾಡ್ಬಹುದು ಫೆನ್ನಾ. ಆದ್ರೆ ಪೆಡಲ್ ತುಳಿದು ನೀವು ಸಂಪಾದಿಸಿದ್ರಲ್ಲ, ಅದನ್ನ ಮಾತ್ರೇಲಿ ಕಟ್ಟಿ ಕೊಡೋಕೆ ನನ್ನ ಕೈಲಾಗಲ್ಲ" ಎಂದಿದ್ದರು ಡಾಕ್ಟರಮ್ಮ.

ದಾರಿ ಇರಲಿಲ್ಲವೆಂದಲ್ಲ. ಮಂಡಿಗೆ ವ್ಯಾಯಾಮ ಹೇಳಿಕೊಡುವ ಯೆಲ್ಮರ್ ಆಗಲೇ ಹೇಳಿದ್ದ: ಪುರಸಭೆಗೆ ಒಂದು ಪತ್ರ ಬರೆದರೆ ಮೂರು ಚಕ್ರದ ಸೈಕಲ್ ಬಳಕೆಗೆ ಕೊಡುತ್ತಾರೆ, ನಿಮ್ಮ ಕಷ್ಟವನ್ನು ನಿಮ್ಮ ಮಾತಿನಲ್ಲೇ ಬರೆಯಿರಿ ಎಂದು. ಫೆನ್ನಾ ನವೆಂಬರಿನಲ್ಲೇ ಬರೆಯಲು ಕೂತಿದ್ದಳು. ಹೆಸರು ಬರೆದಳು, ವಿಳಾಸ ಬರೆದಳು, ಕಿವಿಯ ಸಂಗತಿ ಬರೆದಳು. "ಇನ್ನು ಮೇಲೆ ನನಗೆ ಎರಡು ಚಕ್ರದ ಸೈಕಲ್ ಹೊಡೆಯಲು ಆಗುವುದಿಲ್ಲ" ಎಂಬ ಒಂದು ಸಾಲು ಮಾತ್ರ ಪೆನ್ನಿನಿಂದ ಇಳಿಯಲಿಲ್ಲ. ಈಗ ಏಪ್ರಿಲ್. ಪತ್ರ ಹಣ್ಣಿನ ಬುಟ್ಟಿಯ ಕೆಳಗಿತ್ತು.

"ಇವತ್ತು ಅವನು ಗಾಡಿ ತರ್ತಾನೆ ತಾನೆ, ಓಡಿಸಿ ನೋಡೋಕೆ?" ರಾಜ್ವಂತಿ ಡಬ್ಬಿ ತೆರೆದಳು. ವಡೆಯಂಥ, ಉದ್ದಿನ ಹಿಟ್ಟಿನ ಬಿಸಿ ಬಾರಾ. "ಒಂದೇ ತಗೋ. ನಿನ್ನ ಸಕ್ಕರೆಗೆ ಎರಡನೇದು ನಂದು."

"ತರ್ತಾನೆ. ಸೋಮವಾರ ವಾಪಸ್ ಕೊಡ್ಬೇಕು. ಈ ತಿಂಗಳು ಪತ್ರ ಹೋಗ್ಲಿಲ್ಲ ಅಂದ್ರೆ ಗಾಡಿ ಸಿಗೋ ಹೊತ್ತಿಗೆ ಬೇಸಿಗೆ ಮುಗಿದಿರುತ್ತಂತೆ."

"ಮುಗೀಲಿ ಬಿಡು. ನೀನು ಸ್ಟೂಲ್ ಮೇಲೇ ಸವಾರಿ ಮಾಡು."

ಮಧ್ಯಾಹ್ನ ಯೆಲ್ಮರ್ ಗಾಡಿ ತಂದ. ಕ್ರೀಡಾಂಗಣದ ಹಿಂದೆ ಕಾರು ನಿಲ್ಲಿಸುವ ಜಾಗ ಖಾಲಿ ಇತ್ತು, ಅಲ್ಲಿಗೇ ಹೋದರು. ಹಸಿರು ಬಣ್ಣದ ಗಾಡಿ, ಹಿಂದೆ ಎರಡು ಚಕ್ರ, ನಡುವೆ ದೊಡ್ಡ ಬುಟ್ಟಿ. ಊರಿನಲ್ಲಿ ಅಂಥದ್ದನ್ನು ಓಡಿಸುತ್ತಿದ್ದವನು ಪಾರ್ಶ್ವವಾಯು ಬಡಿದ ಒಬ್ಬ ಮುದುಕ ಮಾತ್ರ.

"ಸುಮ್ನೆ ಕೂತು ತುಳೀರಿ ಮೇಡಂ, ಬೀಳೋ ಪ್ರಶ್ನೆನೇ ಇಲ್ಲ" ಎಂದ ಯೆಲ್ಮರ್.

"ನೀನು ಹುಟ್ಟೋ ಮುಂಚೆ ಕೈ ಬಿಟ್ಟು ಸೈಕಲ್ ಹೊಡೆದೋಳು ನಾನು" ಎಂದಳು ಫೆನ್ನಾ.

ನೇರಕ್ಕೆ ಚೆನ್ನಾಗಿಯೇ ಹೋದಳು. ತಿರುವು ಬಂತು. ಬಲಕ್ಕೆ ತಿರುಗಬೇಕು, ಮೈ ತಾನಾಗಿ ಬಲಕ್ಕೆ ವಾಲಿತು. ಅರವತ್ತು ಎಪ್ಪತ್ತು ವರ್ಷ ಹಾಗೆ ವಾಲಿದರೆ ಸಾಕಿತ್ತು, ಸೈಕಲ್ ಮಾತು ಕೇಳಿದ ಎತ್ತಿನಂತೆ ತಿರುಗುತ್ತಿತ್ತು. ಇದು ತಿರುಗಲಿಲ್ಲ. ನೆಟ್ಟಗೆ ಹೋಯಿತು. ಫೆನ್ನಾ ಇನ್ನೂ ವಾಲಿದಳು, ಗಾಡಿ ಇನ್ನೂ ನೆಟ್ಟಗೆ ಹೋಗಿ ಬೇಲಿಯ ಗಿಡಗಳಿಗೆ ಮೂತಿ ತೂರಿಸಿ ನಿಂತಿತು.

"ಹ್ಯಾಂಡಲ್ ಸೊಟ್ಟ ಇದೆ" ಎಂದಳು.

ಎರಡನೆಯ ಸಲ ಎಡಕ್ಕೆ. ಜಾಗದ ಒಂದು ಬದಿ ನೀರು ಹರಿಯಲೆಂದು ಸ್ವಲ್ಪ ಇಳಿಜಾರು. ಗಾಡಿ ಆ ಕಡೆಗೆ ಬಾಗಿದ್ದೇ ತಡ, ಬೀಳುತ್ತೇನೆಂದು ಮೈ ಹೆದರಿ, ಎರಡು ಚಕ್ರದ ಅಭ್ಯಾಸದಂತೆ ಕೈ ಹ್ಯಾಂಡಲನ್ನು ಇಳಿಜಾರಿನ ಕಡೆಗೇ ತಿರುಗಿಸಿತು. ಚರಂಡಿಗೆ ಒಂದು ಗೇಣು ಇದ್ದಾಗ ಯೆಲ್ಮರ್ ಓಡಿ ಬಂದು ಹಿಡಿದ.

"ಬ್ರೇಕೂ ಸರಿ ಇಲ್ಲ."

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದಳು ರಾಜ್ವಂತಿ.

"ನೀನೊಂದು ಸಲ ಕೂತ್ಕೊಂಡು ಆಮೇಲೆ ಗಾದೆ ಹೇಳು!"

ಸಿಟ್ಟಿನ ಮಾತು. ಆದರೆ ರಾಜ್ವಂತಿ ಕೋಟಿನ ಅಂಚು ಎತ್ತಿಕೊಂಡು ಕೂತೇಬಿಟ್ಟಳು. ಪೆಡಲ್ ಯಾವ ಕಡೆಗೆ ತುಳಿಯಬೇಕೆಂದು ಕೇಳಿದಳು. ತುಳಿದಳು. ಜಾಗದ ತುದಿಗೆ ಹೋದಳು, ಸಂತೆಯ ಕೈಗಾಡಿ ತಿರುಗಿಸುವ ಹಾಗೆ ಹ್ಯಾಂಡಲ್ ತಿರುಗಿಸಿದಳು, ವಾಪಸು ಬಂದಳು. ಮತ್ತೆ ಹೋದಳು.

"ದೀದೀ! ನೋಡೇ ನನ್ನ! ಅಯ್ಯೋ ದೇವ್ರೇ, ನಾನು ಸೈಕಲ್ ಹೊಡೀತಿದೀನಿ ಕಣೇ!"

ಯೆಲ್ಮರ್ ನಗು ತಡೆದುಕೊಂಡು ಹೇಳಿದ: "ಯಾವಾಗ್ಲೂ ಹೀಗೇ ಆಗೋದು ಮೇಡಂ. ಸೈಕಲ್ ಗೊತ್ತಿಲ್ದೋರು ಕೂತ ತಕ್ಷಣ ಓಡಿಸ್ತಾರೆ. ಗೊತ್ತಿರೋರೇ ಚರಂಡಿಗೆ ಇಳಿಯೋದು. ನಿಮ್ಮ ಮೈ ತುಂಬಾ ಚೆನ್ನಾಗಿ ಕಲಿತುಬಿಟ್ಟಿದೆ."

ಫೆನ್ನಾಳಿಗೆ ನಗು ಬರಲಿಲ್ಲ. ಬಿದ್ದಾಗ ಆಗದಷ್ಟು ಅವಮಾನ ಈಗಾಯಿತು. ಎರಡು ಚಕ್ರ ಕೈಬಿಟ್ಟಿತ್ತು, ಮೂರು ಚಕ್ರವೂ ಬೇಡವೆನ್ನುತ್ತಿತ್ತು. ಹಾಗಾದರೆ ಉಳಿದದ್ದು ಬಸ್ಸು, ಕುರ್ಚಿ, ಮಾತ್ರೆ. ನಡೆದೇ ಮನೆಗೆ ಹೋದಳು. ಗಾಡಿಯನ್ನು ರಾಜ್ವಂತಿಯೇ ಓಡಿಸಿಕೊಂಡು ಬಂದು ಫೆನ್ನಾಳ ಅಂಗಳದಲ್ಲಿ ನಿಲ್ಲಿಸಿ, ಬಾಗಿಲು ತಟ್ಟದೆ ಹೊರಟುಹೋದಳು. ತಟ್ಟದೆ ಹೋಗುವುದು ಅವಳ ಜಾಯಮಾನವಲ್ಲ.

ಭಾನುವಾರ ಬೆಳಿಗ್ಗೆ ಬೀದಿ ಇನ್ನೂ ಮಲಗಿತ್ತು. ಕಾಫಿ ಕುಡಿದು ಫೆನ್ನಾ ಅಂಗಳಕ್ಕೆ ಬಂದಳು. ಗಾಡಿಯನ್ನು ಗೇಟಿನಿಂದ ಆಚೆ ತೆಗೆಯಬೇಕಾದರೆ ಓರೆಯಾಗಿ ತಿರುಗಿಸಬೇಕಿತ್ತು. ಹಿಡಿದು ತಿರುಗಿಸುವಾಗ ಕೈಗಳಿಗೆ ಏನೋ ನೆನಪಾಯಿತು. ಬೇಕರಿಯಲ್ಲಿ ರೊಟ್ಟಿ ತಟ್ಟೆಗಳ ಎತ್ತರದ ತಳ್ಳುಗಾಡಿ. ಅದನ್ನು ಒಲೆಯ ಮುಂದಿನಿಂದ ಅಂಗಡಿಗೆ ತಳ್ಳುವಾಗ ಯಾರೂ ಮೈ ವಾಲಿಸುತ್ತಿರಲಿಲ್ಲ, ವಾಲಿಸಿದರೆ ರೊಟ್ಟಿ ನೆಲದ ಪಾಲು. ಕೈ ಮಾತ್ರ ತಿರುಗಬೇಕು, ಮೈ ಕಂಬದ ಹಾಗೆ ನೆಟ್ಟಗಿರಬೇಕು. ಅದನ್ನು ಅವಳು ಹೊಸ ಹುಡುಗಿಯರಿಗೆ ಗದರಿ ಗದರಿ ಕಲಿಸಿದ್ದಳು.

ಗಾಡಿ ಹತ್ತಿದಳು. ಹಿಂದೆ ಇರುವುದು ಬುಟ್ಟಿಯಲ್ಲ, ಬಿಸಿ ರೊಟ್ಟಿ ಎಂದುಕೊಂಡಳು. ಬೀದಿಯ ಕೊನೆಯಲ್ಲಿ ತಿರುವು. ಮೈ ವಾಲಲು ಹೊರಟಿತು, "ನಿಲ್ಲೇ" ಎಂದು ತನಗೆ ತಾನೇ ಗದರಿಕೊಂಡಳು. ಕೈ ತಿರುಗಿತು. ಗಾಡಿಯೂ ತಿರುಗಿತು. ಬೇಲಿಗೆ ತಗಲಿತು ನಿಜ, ಆದರೆ ತಿರುಗಿತು.

ಕಾಲುವೆಯ ದಾರಿಗೆ ಬರುವಷ್ಟರಲ್ಲಿ ಇನ್ನೆರಡು ಕಡೆ ತಪ್ಪಿದಳು. ಆಮೇಲೆ ದಾರಿ ನೇರ. ಗಾಳಿ ಎದುರಿಗಿತ್ತು, ಹೋಗುವಾಗ ಎದುರುಗಾಳಿ ಇದ್ದರೆ ಬರುವಾಗ ಹಿಂದಿನಿಂದ ತಳ್ಳುತ್ತದೆ, ಅದನ್ನು ನೋಡಿಯೇ ಹೊರಟಿದ್ದಳು. ಉಸಿರು ಏರಿತು. ತೊಡೆಗಳು ಉರಿದವು. ಮೊದಮೊದಲು ಕಿರುಗುಟ್ಟಿದ ಮಂಡಿ ಸ್ವಲ್ಪ ದೂರ ಹೋದ ಮೇಲೆ ಬಿಸಿಯಾಗಿ ಸಡಿಲವಾಯಿತು. ತಲೆ ಒಮ್ಮೆ ತಿರುಗಿತು, ಕಾಲುವೆ ಎಡಕ್ಕೆ ಜಾರಿತು. ಆದರೆ ಗಾಡಿ ಜಾರಲಿಲ್ಲ. ಫೆನ್ನಾ ಪೆಡಲ್ ನಿಲ್ಲಿಸಿ, ಸೀಟಿನ ಮೇಲೆ ಕೂತೇ, ಕಾಲುವೆ ತನ್ನ ಜಾಗಕ್ಕೆ ಬರುವವರೆಗೆ ಕಾದಳು. ಬಂತು. ಮುಂದೆ ಹೋದಳು.

ಸೇತುವೆಯ ಹತ್ತಿರ ಕ್ಲಾಸ್ ಎಂಬ ಪರಿಚಯದ ಮುದುಕ ಗಾಳ ಹಾಕಿಕೊಂಡು ಕೂತಿದ್ದ. ಬುಟ್ಟಿಯ ಗಾಡಿ ನೋಡಿ ಎದ್ದೇ ನಿಂತ.

"ಏನಮ್ಮಾ ಫೆನ್ನಾ, ಐಸ್‌ಕ್ರೀಂ ಮಾರೋಕೆ ಶುರು ಮಾಡಿದ್ಯಾ?"

"ಹೂಂ. ಹಲ್ಲಿರೋರಿಗೆ ಮಾತ್ರ!"

ಕ್ಲಾಸ್ ಬೊಚ್ಚು ಬಾಯಿ ತೆರೆದು ನಕ್ಕ. ಇಡೀ ಚಳಿಗಾಲ ಅವಳು ಹೆದರಿದ್ದು ಈ ನಗುವಿಗೇ. ಅದು ಬಂದು ಹೋಯಿತು. ಇಷ್ಟೇನಾ ಎನಿಸಿತು.

ತಂಗಿಯ ಮನೆಯಲ್ಲಿ ಕಾಫಿ ಕುಡಿದು ಮರಳಿದಾಗ ರಾಜ್ವಂತಿ ಗೇಟಿನಲ್ಲೇ ನಿಂತಿದ್ದಳು. ಮುಖ ಬಿಳುಚಿಕೊಂಡಿತ್ತು.

"ಎಲ್ಲಿಗೆ ಹೋಗಿದ್ದೆ? ಅಂಗಳದಲ್ಲಿ ಗಾಡಿ ಇಲ್ಲ, ಮನೇಲಿ ನೀನಿಲ್ಲ. ಕಾಲುವೆಗೆ ಬಿದ್ಯೋ ಏನೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು."

"ತಂಗಿ ಮನೆಗೆ ಹೋಗಿದ್ದೆ ಕಣೆ."

"ಇದ್ರಲ್ಲಾ? ತಿರುವಲ್ಲಿ?"

"ಎರಡು ಬೇಲಿ, ಒಂದು ಕಂಬ. ಬರುವಾಗ ಬೇಲಿ ಒಂದೇ." ಫೆನ್ನಾ ಇಳಿದು ಬೆವರು ಒರೆಸಿಕೊಂಡಳು. "ನಿನ್ನೆ ನಿನ್ನ ಮೇಲೆ ಹಾರಾಡಿದೆ, ರಾಜ್."

"ಹಾರಾಡದೆ ಏನು? ನಿನಗಿಂತ ನಾನೇ ಚೆನ್ನಾಗಿ ಹೊಡೆದೆ, ಹೊಟ್ಟೆ ಉರಿಯಲ್ವಾ?" ರಾಜ್ವಂತಿ ಗಾಡಿಯ ಸೀಟನ್ನು ಸವರಿದಳು. "ನಂಗೂ ಒಂದು ಕೊಡ್ತಾರಾ ಪುರಸಭೆಯೋರು?"

"ನಿನ್ನ ಕಿವಿ ಚೆನ್ನಾಗಿದೆಯಲ್ಲೇ. ಊರೋರ ಗುಟ್ಟೆಲ್ಲ ಕೇಳ್ಸುತ್ತೆ."

ಆ ರಾತ್ರಿ ಫೆನ್ನಾ ಮಧ್ಯೆ ಎಚ್ಚರವಾಗದೆ ಮಲಗಿದಳು. ಸೋಮವಾರ ಎದ್ದಾಗ ತೊಡೆ ನೋಯುತ್ತಿತ್ತು, ಮೆಟ್ಟಿಲು ಇಳಿಯಲು ಪಕ್ಕದ ಕಂಬಿ ಹಿಡಿಯಬೇಕಾಯಿತು. ಒಂದು ದಿನದ ಸವಾರಿಗೆ ಸಕ್ಕರೆ ಇಳಿಯುವುದಿಲ್ಲ, ಅದು ಅವಳಿಗೂ ಗೊತ್ತು. ದಿನಾ ತುಳಿದರೆ ಇಳಿದೀತು. ದಿನಾ ತುಳಿಯಲು ಗಾಡಿ ಬೇಕು, ಗಾಡಿಗೆ ಪತ್ರ ಹೋಗಬೇಕು.

ಹಣ್ಣಿನ ಬುಟ್ಟಿ ಸರಿಸಿ ಪತ್ರ ತೆಗೆದಳು. ಸೇಬಿನ ಕಲೆ ಮೂಲೆಯಲ್ಲಿ ಒಣಗಿತ್ತು. ಬೇರೆ ಹಾಳೆಗೆ ನಕಲು ಮಾಡಲೇ ಎಂದು ಯೋಚಿಸಿ, ಬೇಡವೆಂದು ಅದರಲ್ಲೇ ಬರೆದಳು: "ಇನ್ನು ಮೇಲೆ ನನಗೆ ಎರಡು ಚಕ್ರದ ಸೈಕಲ್ ಹೊಡೆಯಲು ಆಗುವುದಿಲ್ಲ. ಮೂರು ಚಕ್ರದ್ದನ್ನು ಹೊಡೆಯಬಲ್ಲೆ. ತಿರುವು ಇನ್ನೂ ಕಲಿಯುತ್ತಿದ್ದೇನೆ." ಸಹಿ ಹಾಕಿ, ಲಕೋಟೆಗೆ ಸೇರಿಸಿ ಅಂಟಿಸಿದಳು.

ಗಾಡಿಯನ್ನು ಯೆಲ್ಮರನಿಗೆ ಒಪ್ಪಿಸಲು ಹೋಗುವ ದಾರಿಯಲ್ಲೇ ಅಂಗಡಿಯ ಮುಂದೆ ಕಿತ್ತಳೆ ಬಣ್ಣದ ಅಂಚೆ ಡಬ್ಬ. ಫೆನ್ನಾ ಅದರ ಪಕ್ಕಕ್ಕೆ ಗಾಡಿ ತಂದು ನಿಲ್ಲಿಸಿದಳು. ಡಬ್ಬಕ್ಕೆ ಎರಡು ಬಾಯಿ, ಒಂದು ಈ ಸೀಮೆಯ ಕಾಗದಗಳಿಗೆ, ಇನ್ನೊಂದು ದೂರದವಕ್ಕೆ. ಲಕೋಟೆಯ ಮೇಲಿನ ವಿಳಾಸವನ್ನು ಇನ್ನೊಮ್ಮೆ ಓದಿ, ಸೀಟಿನಿಂದ ಇಳಿಯದೆ ಕೈ ಚಾಚಿ, ಈ ಸೀಮೆಯ ಕಾಗದಗಳ ಬಾಯಿಗೆ ಹಾಕಿದಳು.