ಕೊನೆಯ ಬೋರ್ಡು

ಕಂಪನಿ ಕೈಬಿಡಲಿರುವ ಹಳೆಯ ಕಂಪ್ಯೂಟರುಗಳೆಂದರೆ ಸ್ತ್ರಾತೋಸನಿಗೆ ಎಲ್ಲಿಲ್ಲದ ಮಮತೆ. ವೋಲೋಸ್ ಬಂದರಿನ ಬೀದಿಯಲ್ಲಿ ಆ ಕಂಪನಿಯ ಅಧಿಕೃತ ರಿಪೇರಿ ಅಂಗಡಿ ಅವನದು. ಮುದುಕಿ ಆಂಥೂಲಾ ತಂದಿಟ್ಟ ಲ್ಯಾಪ್‌ಟಾಪಿನ ಮಾದರಿಗೆ ಆ ತಿಂಗಳೇ ಕೊನೆ. ಆಮೇಲೆ ಬಿಡಿಭಾಗವೂ ಇಲ್ಲ, ಕೇಳುವವರೂ ಇಲ್ಲ.

“ಹೆಂಗಾದ್ರೂ ಮಾಡಿ ಇದಕ್ಕೆ ಜೀವ ಬರ್ಸು ಮಗಾ,” ಎಂದಿದ್ದಳು ಮುದುಕಿ.

ಅವರಿವರ ಕೈಕಾಲು ಹಿಡಿದು, ಉಗ್ರಾಣದಲ್ಲಿ ಉಳಿದಿದ್ದ ಕೊನೆಯ ಮದರ್‌ಬೋರ್ಡನ್ನು ಅವನು ತರಿಸಿಯೇಬಿಟ್ಟ. ಹೊಸದನ್ನು ಕೂರಿಸಿದ ದಿನವೇ ಹಳೆಯದನ್ನು ಕಂಪನಿಗೆ ವಾಪಸು ಕಳಿಸಬೇಕು, ಅದು ನಿಯಮ. ಕಳಿಸಿದ. ಮೆಮೊರಿ ಚಿಪ್ ಬೋರ್ಡಿಗೇ ಬೆಸೆದುಕೊಂಡಿರುತ್ತದೆ, ಒಳಗಿದ್ದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಒಳಗಿನದು ಹೋದರೂ ಸರಿ ಎಂಬ ಒಪ್ಪಿಗೆ ಪತ್ರಕ್ಕೆ ಮುದುಕಿ ಸಹಿ ಹಾಕಿದ್ದಳಲ್ಲ! ಓದಿ ಸಹಿ ಹಾಕುವವರನ್ನು ಅವನು ಈ ಜನ್ಮದಲ್ಲಿ ಕಂಡಿರಲಿಲ್ಲ. ಪುಣ್ಯದ ಕೆಲಸ ಮಾಡುತ್ತಿದ್ದೇನೆಂಬ ಹುಮ್ಮಸ್ಸು ತಲೆಗೇರಿದರೆ ಕೇಳಬೇಕಾದ್ದನ್ನು ಕೇಳುವ ವ್ಯವಧಾನ ಯಾರಿಗಿರುತ್ತದೆ?

ಮರುವಾರ ಆಂಥೂಲಾ ಗಂಡ ಸೊತೀರಿಸನನ್ನೂ ಕರೆದುಕೊಂಡು ಬಂದಳು. ಕೈಯಲ್ಲಿ ಸಕ್ಕರೆಪುಡಿ ಮೆತ್ತಿದ ಕುರಬಿಯೆ ಬಿಸ್ಕತ್ತಿನ ಡಬ್ಬಿ. ಮುದುಕನ ಕುತ್ತಿಗೆಗೆ ವಸ್ತ್ರ ಸುತ್ತಿತ್ತು.

“ಮೊದ್ಲು ಬಾಯಿ ಸಿಹಿ ಮಾಡ್ಕೋ. ಗಂಟಲು ಆಪರೇಷನ್ನಿಗೆ ಮುಂಚೆ ಇವ್ರು ಮೊಮ್ಮಗಳಿಗೆ ಅಂತ ಕಥೆ ಹೇಳಿ ಇದ್ರಲ್ಲಿ ತುಂಬಿಟ್ಟಿದ್ರು. ಈಗ ನನ್ನ ಬೈಯೋಕೂ ಮನೇಲೊಂದು ದನಿ ಇಲ್ಲ ನೋಡು! ಹಾಕು, ಕೇಳೋಣ.”

ಸ್ತ್ರಾತೋಸ್ ಕೈಗೆತ್ತಿಕೊಂಡಿದ್ದ ಬಿಸ್ಕತ್ತನ್ನು ಡಬ್ಬಿಗೇ ವಾಪಸು ಇಟ್ಟ.

“ಬೇರೆ ಎಲ್ಲಾದ್ರೂ ಇನ್ನೊಂದು ಪ್ರತಿ ಇಟ್ಟಿದೀರಾ ಅಮ್ಮಾ?”

“ಬೇರೆ ಯಾಕಪ್ಪಾ? ಇದ್ರೊಳಗೇ ಇದೆಯಲ್ಲ.”

ಅವನು ಕಂಪನಿಗೆ ಫೋನು ಮಾಡಿದ. ಆ ಕಡೆಯ ಹೆಂಗಸು ಬಲು ವಿನಯವಾಗಿ ಹೇಳಿದಳು: “ಆ ಮಾದರಿ ನಿನ್ನೆಗೇ ಮುಗೀತು ಸರ್. ವಾಪಸ್ ಬಂದಿದ್ದ ಬೋರ್ಡುಗಳನ್ನೆಲ್ಲ ಪುಡಿ ಮಾಡಿ ಆಯ್ತು. ಅದರ ಮೇಲೆ ಈಗ ದೂರು ಬರ್ಕೊಳ್ಳೋಕೂ ಬರಲ್ಲ.”

ಹಳೆಯದನ್ನು ಒಂದು ಸಂಜೆ ತನ್ನ ಮೇಜಿನ ಮೇಲೆ ಉಳಿಸಿಕೊಂಡಿದ್ದರೆ ಸಾಕಿತ್ತು. ನಿಯಮ ಮೀರಿ ನಾಲ್ಕು ಬೆಸುಗೆ ಹಾಕಿ ಕಥೆಗಳನ್ನಷ್ಟು ಹೊರಗೆ ತೆಗೆದುಬಿಡುತ್ತಿದ್ದ. ಯಂತ್ರ ಉಳಿಸಲು ಹೋಗಿ ಎಂಥ ಪಾಪ ಕಟ್ಟಿಕೊಂಡೆ ಎಂದು ಅವನಿಗೆ ಅಳು ಬಂತು. ತಲೆ ತಗ್ಗಿಸಿ ಇದ್ದದ್ದನ್ನು ಇದ್ದಹಾಗೆ ಹೇಳಿದ.

ಸೊತೀರಿಸ್ ಮುಂದೆ ಬಾಗಿ, ಸ್ತ್ರಾತೋಸನ ಮುಖವನ್ನೇ ನೋಡುತ್ತ ನಿಧಾನವಾಗಿ ತುಟಿ ಆಡಿಸಿದ. ಬರೀ ಉಸಿರು ಬಂತು.

“ಏನಂತಾರೆ?” ಎಂದ ಸ್ತ್ರಾತೋಸ್.

ಗಂಡನ ತುಟಿಯಿಂದ ಕಣ್ಣು ತೆಗೆಯದೆ ಮುದುಕಿ ಹೇಳಿದಳು: “‘ನನ್ನ ದನೀನ ಯಾರನ್ನ ಕೇಳಿ ಕಳಿಸ್ಬಿಟ್ಟೆ?’ ಅಂತಿದಾರೆ.”