ಏಳನೇ ಬೆಡ್ಡಿನವರ ಮಗಳು

ಅಣ್ಣ ಮೂವತ್ತು ಗಂಟೆ ಡ್ಯೂಟಿ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಮನೆಗೆ ಬಂದ. ಶೂ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ನಾನು ಕೊಟ್ಟ ಚಹಾ ಕೆನೆಗಟ್ಟಿತು.

"ಏಳನೇ ಬೆಡ್ಡಿನ ಅಜ್ಜನಿಗೆ ನಾಳೆ ಆಪರೇಷನ್ನು," ಅಂದ. "ರಕ್ತ ತೆಳು ಮಾಡೋ ಇಂಜೆಕ್ಷನ್ ಇವತ್ತಿಂದ ನಿಲ್ಲಿಸಬೇಕು. ನಿಲ್ಲಿಸಿ ಅಂತ ಬರೆದ್ನೋ ಇಲ್ವೋ, ನೆನಪಾಗ್ತಿಲ್ಲ ಕಣೇ."

"ವಾರ್ಡಿಗೆ ಫೋನ್ ಮಾಡು."

"ಎರಡು ಸಲ ಮಾಡ್ದೆ. ಬರೆದಿದೆ ಅಂದ್ರು. ಶೀಟ್ ನೋಡೇ ಅಂದ್ರೋ, ನೋಡದೆ ಅಂದ್ರೋ."

ಅವನು ಡಾಕ್ಟರಾಗಿ ಇನ್ನೂ ಐದು ತಿಂಗಳು. ಒಂದು ವಾರದಿಂದ, ಹಾಕಿದ ಬೀಗವನ್ನೇ ಮತ್ತೆ ಮತ್ತೆ ಜಗ್ಗಿ ನೋಡುತ್ತಾನೆ, ಗ್ಯಾಸ್ ಆರಿಸಿದ್ದೀಯಾ ಎಂದು ಹಾಸಿಗೆಯಿಂದ ಎದ್ದು ಬರುತ್ತಾನೆ. ರೆಪ್ಪೆಗೆ ರೆಪ್ಪೆ ಅಂಟುವುದಿಲ್ಲ. ರಜೆ ಕೇಳು ಎಂದರೆ ಕೆಂಡಾಮಂಡಲ. ಹೋದ ತಿಂಗಳು ಜೊತೆಯವನೊಬ್ಬ ತನ್ನ ಕೈಲಾಗುತ್ತಿಲ್ಲ ಅಂದದ್ದಕ್ಕೆ ಆಸ್ಪತ್ರೆಯಲ್ಲಿ ಅವನನ್ನು 'ಮುಟ್ಟಿದರೆ ಮುನಿ' ಎಂದೇ ಕರೆಯುತ್ತಾರಂತೆ.

"ಮೂರನೇ ಸಲ ನಾನೇ ಮಾಡಿದ್ರೆ ತಲೆ ಕೆಟ್ಟಿದೆ ಅಂತಾರೆ. ನಿನ್ನ ಫೋನಿಂದ ನೀನು ಮಾಡು. ಅಜ್ಜನ ಮಗಳು ಅನ್ನು."

ಬಸ್ಸಿನಲ್ಲಿ ನನ್ನ ಸ್ಟಾಪ್ ಬಂದರೂ ಕೂಗಿ ಹೇಳಲಾಗದೆ, ಮುಂದಿನದರಲ್ಲಿ ಇಳಿದು ನಡೆದು ಬರುವವಳು ನಾನು. ಆದರೂ ನಂಬರ್ ಒತ್ತಿದೆ.

"ಸಿಸ್ಟರ್, ನಾನು ಏಳನೇ ಬೆಡ್ಡಿನವರ ಮಗಳು…"

"ಹೌದಾ?" ನರ್ಸ್ ಧ್ವನಿಯಲ್ಲಿ ಅವಸರವಿರಲಿಲ್ಲ. "ಹಾಗಾದ್ರೆ ಇಲ್ಲಿ ನನ್ನೆದುರಿಗೆ ಅವರ ತಲೆ ಬಾಚ್ತಾ ಇರೋರು ಯಾರಮ್ಮ?"

ಇಡು, ಇಡು ಎಂದು ಅಣ್ಣ ಕೈಸನ್ನೆ ಮಾಡಿದ. ಇಟ್ಟುಬಿಡಬಹುದಿತ್ತು. ಇಟ್ಟರೆ ಅವನು ಅದೇ ಶೂನಲ್ಲಿ, ಅದೇ ಕಣ್ಣಲ್ಲಿ ವಾಪಸ್ ವಾರ್ಡಿಗೆ ಹೊರಡುತ್ತಾನೆ.

"ಮಗಳಲ್ಲ. ರಾತ್ರಿ ಡ್ಯೂಟಿ ಡಾಕ್ಟರ ತಂಗಿ," ಅಂದೆ. "ಅವನು ಒಂದು ವಾರದಿಂದ ಸರಿಯಾಗಿ ಮಲಗಿಲ್ಲ. ಆ ಇಂಜೆಕ್ಷನ್ ನಿಲ್ಲಿಸೋಕೆ ಬರೆದ್ನೋ ಇಲ್ವೋ ಅಂತ ಒದ್ದಾಡ್ತಿದಾನೆ. ನನಗೆ ಭಯ ಆಗ್ತಿದೆ."

ಅಣ್ಣನ ಮುಖ ನೋಡುವ ಧೈರ್ಯ ಬರಲಿಲ್ಲ.

"ಸ್ಪೀಕರ್ ಹಾಕಿ." ಹಾಳೆ ಮಗುಚುವ ಸದ್ದಾಯಿತು. "ಡಾಕ್ಟ್ರೇ, ಕೇಸ್ ಶೀಟ್ ನನ್ನ ಕೈಯಲ್ಲೇ ಇದೆ. ಬೆಳಿಗ್ಗೆ ಆರೂವರೆ, ಇಂಜೆಕ್ಷನ್ ನಿಲ್ಲಿಸಿ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀರಿ. ಸಹಿ ನಿಮ್ಮದೇ, ಆ ಕಾಗೆಕಾಲು ಇನ್ನ್ಯಾರಿಗೂ ಬರೋಲ್ಲ. ನಾವು ಕೊಟ್ಟಿಲ್ಲ, ಕೊಡೋದೂ ಇಲ್ಲ. ಸಾಕಾ?"

ಅಣ್ಣ ಫೋನಿಗೆ ಇನ್ನಷ್ಟು ಬಗ್ಗಿದ.

"ಸಾಲಲ್ಲ ಅಂತ ಗೊತ್ತು. ನಿಮ್ಮ ಯೂನಿಟ್ ಹೆಡ್ ಮೇಡಂಗೆ ಹೇಳ್ತೀನಿ."

"ಬೇಡ ಸಿಸ್ಟರ್," ಎಂದು ನಾನೇ ಗೋಗರೆದೆ. "ಅವನ ಹೆಸರು ಕೆಡುತ್ತೆ."

"ಹೇಳದಿದ್ರೆ ನಾಳೆ ನೀವು ಯಾರ ಮಗಳಾಗಿ ಫೋನ್ ಮಾಡ್ತೀರಿ?"

ಲೈನ್ ಕಟ್ಟಾಯಿತು.

"ನನ್ನ ಮಾನ ತೆಗೆದೆ," ಅಂದ ಅಣ್ಣ. ಕೂಗಾಡಿದ್ದರೆ ವಾಸಿಯಿತ್ತು, ಮೆಲ್ಲಗೆ ಅಂದ. ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಬಾಗಿಲ ಹೊರಗೇ ಕೂತೆ. ಒಳಗೆ ಮಂಚ ಕಿರುಗುಟ್ಟಿದರೆ ಜೀವ ಬರುತ್ತಿತ್ತು. ಸದ್ದು ನಿಂತರೆ ಬಾಗಿಲಿಗೆ ಕಿವಿಯೊಡ್ಡುತ್ತಿದ್ದೆ.

"ಅಣ್ಣಾ."

"ಇದ್ದೀನಿ. ಹೋಗೇ, ಕಾವಲುಗಾತಿ."

ಕಾಲು ಗಂಟೆಗೆ ಅಡುಗೆಮನೆಯಲ್ಲಿ ಬಿಟ್ಟಿದ್ದ ಅವನ ಫೋನ್ ಬಡಿದುಕೊಂಡಿತು. ಯೂನಿಟ್ ಮೇಡಂ. ತಂದು ಬಾಗಿಲು ತಟ್ಟಿದೆ.

"ಎತ್ತಬೇಡ," ಅಂದ. ರಿಂಗ್ ನಿಂತಿತು. ಮತ್ತೆ ಶುರುವಾಯಿತು. ಮೂರನೇ ಸಲಕ್ಕೆ ಚಿಲಕ ಸರಿಯಿತು, ಕೈ ಮಾತ್ರ ಹೊರಗೆ ಬಂತು.

"ಗುಡ್ ಮಾರ್ನಿಂಗ್ ಮೇಡಂ… ಹೂಂ… ಇಲ್ಲ, ತಿಂಡಿ ಆಗಿಲ್ಲ… ಏನಿಲ್ಲ ಮೇಡಂ, ಚೆನ್ನಾಗೇ ಇದ್ದೀನಿ."

ಅರೆತೆರೆದ ಬಾಗಿಲಿನಿಂದ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ, ಇಲ್ಲ ಎಂದು. ಆ ಕಡೆಯವರು ಏನೋ ಕೇಳಿದರು. ಚಿಕ್ಕ ಪ್ರಶ್ನೆಯೇ ಇರಬೇಕು, ಬೇಗ ಮುಗಿಯಿತು. ಅಣ್ಣ ಚೌಕಟ್ಟಿಗೆ ಹಣೆ ಒತ್ತಿ ನಿಂತ.

"ಇಲ್ಲ ಮೇಡಂ," ಅಂದ. "ಚೆನ್ನಾಗಿಲ್ಲ."

ಆಮೇಲೆ ಬಹಳ ಹೊತ್ತು ಬರೀ ಹೂಂಗುಟ್ಟಿದ.

"ಹತ್ತು ಗಂಟೆಗಾ? ಡ್ಯೂಟಿಗಲ್ಲ, ಮಾತಾಡೋಕೆ… ಸರಿ ಮೇಡಂ. ನಾಳೆ ತಂಗೀನ ಕರ್ಕೊಂಡು ಬರ್ತೀನಿ."